ಮರೆವಿನ ಹುಣ್ಣಿಮೆ

ನಮ್ಮೂರಿನ ಮುದುಕರು ಹೊಸದಾಗಿ ಮದುವೆಯಾದವರ ಮನೆಗೆ ಏನಾದರೊಂದು ನೆವ ಮಾಡಿಕೊಂಡು ಹೋಗಿಬರುತ್ತಿದ್ದರು. ಹೋದವರು ಬಾವಿಯ ನೀರು ಸೇದಿಸಿ ಕುಡಿದು ನೋಡುವರು, ಸೊಸೆ ಮಾಡಿದ ಸಾರಿನಲ್ಲಿ ಉಪ್ಪು ಖಾರ ಹದವಾಗಿದೆಯೇ ಎಂದು ನಾಲಗೆ ಚಪ್ಪರಿಸುವರು, ತೊಟ್ಟಿಲು ಕಟ್ಟುವ ತೊಲೆ ಗಟ್ಟಿಯಾಗಿದೆಯೇ ಎಂದು ಕತ್ತೆತ್ತಿ ನೋಡುವರು. ಮನೆಯವರಿಗೆ ವಿಷಯ ಗೊತ್ತು. ಬಂದವರು ಒಳ್ಳೆಯವರಾದರೆ ಇನ್ನೊಂದು ಸೌಟು ಪಾಯಸ ಬಡಿಸಿ, "ಆಗಾಗ ಬರ್ತಾ ಇರಿ ಅಜ್ಜ" ಎನ್ನುವರು. ಜಗಳಗಂಟರಾದರೆ, ನಮ್ಮ ಮನೆಯಲ್ಲಿ ತಿಗಣೆ ಕಾಟ ಬಹಳ ಎಂದು ಮಾತು ತೇಲಿಸುವರು. ಯಾಕೆಂದರೆ ನಮ್ಮೂರಲ್ಲಿ ಸತ್ತವರು ವರ್ಷ ತುಂಬುವುದರೊಳಗೆ ಅದೇ ಊರಿನ ಯಾವುದಾದರೊಂದು ಮನೆಯಲ್ಲಿ ಹುಟ್ಟಿ ಬರುತ್ತಿದ್ದರು. ಎಲ್ಲರೂ ಬರುತ್ತಿರಲಿಲ್ಲ, ಕೆಲವರು ಎಲ್ಲಿಗೆ ಹೋದರೋ ಯಾರಿಗೂ ತಿಳಿಯುತ್ತಿರಲಿಲ್ಲ. ಬಂದವರಿಗೆ ಐದು ವರ್ಷ ತುಂಬುವವರೆಗೆ ಹಿಂದಿನದೆಲ್ಲ ನೆನಪಿರುತ್ತಿತ್ತು.

ನಾನು ಆ ಊರು ಬಿಟ್ಟು ನಲವತ್ತು ವರ್ಷವಾಯಿತು. ಈಗಿರುವ ಊರಿನಲ್ಲಿ ಮಕ್ಕಳು ಬರೀ ಮಕ್ಕಳು. ಇಲ್ಲಿಯ ಜನ ಕೂಸುಗಳನ್ನು ಗದರುವುದನ್ನು, ಕಿವಿ ಹಿಂಡುವುದನ್ನು ನೋಡಿದರೆ ನನಗೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ನಮ್ಮಲ್ಲಿ ಐದರೊಳಗಿನ ಮಗುವಿನ ಮೇಲೆ ಯಾರೂ ಕೈಯೆತ್ತುತ್ತಿರಲಿಲ್ಲ. ಸ್ವಂತ ಮಾವನಿಗೆ ಹೊಡೆದಂತಾದೀತು ಎಂಬ ಭಯ. ಕುಂಬಾರರ ಕೇರಿಯಲ್ಲಿ ಒಂದು ಗಂಡುಮಗು ನಡೆಯಲು ಕಲಿತ ಮಾರನೆಯ ದಿನದಿಂದ, ಸಂಜೆ ಹೊತ್ತಿಗೆ ಸರಿಯಾಗಿ ಮೂರು ಮನೆ ದಾಟಿ ಒಬ್ಬ ವಿಧವೆಯ ಕೊಟ್ಟಿಗೆಗೆ ಹೋಗಿ ಅಗಳಿ ಹಾಕಿದೆಯೇ ಎಂದು ನೋಡಿ ಬರುತ್ತಿತ್ತು. ಆಕೆ ಕೈಕೆಲಸ ಬಿಡದೆ, "ಹಾಕಿದೀನಿ, ನೀವು ಹೋಗಿ ಮಲಕ್ಕಳಿ" ಎನ್ನುತ್ತಿದ್ದಳು. ಆಗಷ್ಟೇ ಹಲ್ಲು ಮೂಡುತ್ತಿದ್ದ ಮಗುವಿಗೆ ಬಹುವಚನ! ನಮಗ್ಯಾರಿಗೂ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ.

ಒಂದೇ ಕಟ್ಟಳೆ ಇತ್ತು. ಮಗು ತಾನಾಗಿ ಹೇಳಿದರೆ ಕೇಳಬಹುದು. ನೀನು ಯಾರಾಗಿದ್ದೆ ಎಂದು ನಾವಾಗಿ ಕೇಳಬಾರದು. ಮಕ್ಕಳೂ ಜಾಣರು, ಹೇಳಿಕೊಂಡರೆ ಹಳೆಯ ಮನೆಯವರು ಹಳೆಯ ತಕರಾರನ್ನೆಲ್ಲ ಹೊತ್ತು ತರುತ್ತಾರೆಂದು ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ನಾವು ಗುರುತು ನೋಡಿ ಊಹಿಸಬೇಕು. ಯಾವ ಮೂಲೆಯಲ್ಲಿ ಕೂರುತ್ತದೆ, ಯಾರನ್ನು ಕಂಡರೆ ಮುಖ ತಿರುಗಿಸುತ್ತದೆ ಎಂದು. ಐದು ತುಂಬಿದ ಮೇಲೆ ಬರುವ ವೈಶಾಖ ಹುಣ್ಣಿಮೆಗೆ ಆ ಮಕ್ಕಳನ್ನೆಲ್ಲ ಬೌದ್ಧ ಭಿಕ್ಷುಗಳಿರುವ ವಿಹಾರಕ್ಕೆ ಕರೆದೊಯ್ಯುವರು. ಬೋಧಿ ಮರದ ಕೆಳಗೆ ಬಿಳಿ ಬಟ್ಟೆಯುಟ್ಟು ಕೂತು, ಹಿರಿಯ ಭಿಕ್ಷುಗಳಾದ ಬಂತೇಜಿ ಹೇಳಿಕೊಟ್ಟಂತೆ ಶರಣು ಹೇಳಿ, ಶೀಲ ತೆಗೆದುಕೊಂಡು, ಮರದಡಿ ಇಟ್ಟ ಮಡಕೆಯ ನೀರು ಕುಡಿದರೆ ಹಿಂದಿನದು ಅಳಿಸಿಹೋಗುತ್ತಿತ್ತು. ಬೇರೆ ಊರಿನವರು ಅದನ್ನು ಬುದ್ಧ ಪೂರ್ಣಿಮೆ ಎನ್ನುತ್ತಾರೆ. ನಾವು ಮರೆವಿನ ಹುಣ್ಣಿಮೆ ಎನ್ನುತ್ತಿದ್ದೆವು.

ನಮ್ಮ ಬೀದಿಯ ತಲೆಯಲ್ಲಿ ಎದುರುಬದುರಾಗಿ ಎರಡು ಮನೆಗಳಿದ್ದವು. ಒಂದು ನಮ್ಮದು, ನಮ್ಮವ್ವ ಖೇಮವ್ವನದು. ಎದುರಿನದು ವಿಶಾಖವ್ವನದು. ಗಂಡ ಸತ್ತ, ಮಕ್ಕಳಿಲ್ಲದ ಹೆಂಗಸು. ನಾನು ಚಿಕ್ಕವಳಿದ್ದಾಗ ಅವಳನ್ನು ಅತ್ತೆ ಎಂದು ಕರೆಯುತ್ತಿದ್ದೆ, ಅವಳ ಮಡಿಲಲ್ಲೇ ಊಟ, ನಿದ್ದೆ. ಬೆಳಿಗ್ಗೆ ಭಿಕ್ಷುಗಳು ವಿಹಾರದಿಂದ ಸಾಲಾಗಿ ಬರುವರು. ಕಣ್ಣು ನೆಲದ ಮೇಲೆ, ಪಾತ್ರೆ ಎದೆಯ ಮುಂದೆ, ಮಾತಿಲ್ಲ. ಹಾಕಿದ್ದನ್ನು ಹಾಕಿಸಿಕೊಂಡು, ಮಧ್ಯಾಹ್ನಕ್ಕೆ ಮುಂಚೆ ಒಂದೇ ಊಟ ಮುಗಿಸುವವರು. ಅವರಿಗೆ ಮೊದಲ ಸೌಟು ಅನ್ನ ಯಾರು ಹಾಕಬೇಕೆಂದು ಅವ್ವನಿಗೂ ವಿಶಾಖವ್ವನಿಗೂ ಜಗಳ ಬಿತ್ತು. ವಿಶಾಖವ್ವ ತನ್ನ ಜಗುಲಿಯನ್ನು ಒಂದು ಮೊಳ ಮುಂದಕ್ಕೆ ಕಟ್ಟಿಸಿದಳು, ಕೈ ಚಾಚಿದರೆ ಪಾತ್ರೆ ಸಿಗಲೆಂದು. ಅವ್ವ ಬಿಟ್ಟಾಳೆಯೇ? ಒಂದೂವರೆ ಮೊಳ ಮುಂದಕ್ಕೆ ಕಟ್ಟಿಸಿದಳು. ಹೀಗೇ ನಡೆದು ನಡೆದು, ಕೊನೆಗೆ ಗಾಡಿ ಹೋಗಲು ಜಾಗವಿಲ್ಲದೆ, ಭಿಕ್ಷುಗಳು ಎರಡು ಜಗುಲಿಗಳ ನಡುವೆ ಅಡ್ಡಡ್ಡ ತಿರುಗಿ ನುಸುಳಿ ಬರಬೇಕಾಯಿತು. ಸಾಲಿನ ಮುಂದಿರುತ್ತಿದ್ದವರು ರೇವತ ಬಂತೇಜಿ. ಮಾರನೆಯ ದಿನದಿಂದ ಬೀದಿಯ ಇನ್ನೊಂದು ತುದಿಯಿಂದ ಬರತೊಡಗಿದರು. ಇಬ್ಬರೂ ಕೊನೆಯವರಾದರು. ಅಷ್ಟಾದರೂ ಹದಿನೆಂಟು ವರ್ಷ ಒಬ್ಬರಿಗೊಬ್ಬರು ಮಾತಾಡಲಿಲ್ಲ, ಒಬ್ಬರ ಹೊಸಿಲು ಇನ್ನೊಬ್ಬರು ತುಳಿಯಲಿಲ್ಲ. ಅವ್ವನ ಪರವಾಗಿ ನಾನೂ ಅತ್ತೆಯನ್ನು ಬಿಟ್ಟೆ.

ನಾನು ಹೇಳಬೇಕಾದ ತಪ್ಪು ಇದಲ್ಲ, ಇದು ಅವರದು. ನನ್ನದು ಬೇರೆ.

ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ವಿಹಾರ ಬಿಟ್ಟು ಊರೂರು ತಿರುಗುವುದಿಲ್ಲ. ಹುಳುಹುಪ್ಪಟೆ ತುಳಿದೇವೆಂದು ಒಂದೇ ಕಡೆ ನಿಲ್ಲುತ್ತಾರೆ. ಆ ವಾಸ ಮುಗಿದ ಮೇಲೆ ಊರಿನವರು ಅವರಿಗೆ ಹೊಸ ಚೀವರ, ಅಂದರೆ ಮೈಮೇಲೆ ಹೊದೆಯುವ ಕಾವಿ ಬಟ್ಟೆ, ಕೊಡಬೇಕು. ಅದನ್ನು ಒಂದೇ ದಿನದಲ್ಲಿ ಕತ್ತರಿಸಿ, ಹೊಲಿದು, ಬಣ್ಣ ಹಾಕಿ, ಒಣಗಿಸಿ ಮುಗಿಸಬೇಕು. ಇಡೀ ಬಟ್ಟೆಯಿದ್ದರೂ ತುಂಡು ಮಾಡಿ, ಗದ್ದೆ ಬದುಗಳ ಹಾಗೆ ಪಟ್ಟಿ ಪಟ್ಟಿಯಾಗಿ ಜೋಡಿಸುತ್ತಾರೆ. ತುಂಡು ಬಟ್ಟೆಗೆ ಆಸೆಪಡುವವರು ಯಾರೂ ಇರುವುದಿಲ್ಲವಲ್ಲ, ಅದಕ್ಕೆ. ನಮ್ಮೂರಲ್ಲಿ ಹೊಲಿಯುವವರು ಹೆಂಗಸರು. ಆ ದಿನದ ವಿಹಾರದ ಅಂಗಳ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಲಸಿನ ಮರದ ಚಕ್ಕೆ ಕುದಿಯುವ ಹಂಡೆ, ಹಳದಿ ಹೊಗೆ, ನಲವತ್ತು ಹೆಂಗಸರ ಬಾಯಿ, ಅಷ್ಟೇ ಸೂಜಿ. ಆ ವಾಸನೆಗಾಗಿ ನಾನು ಇಲ್ಲಿಯ ಮರದಂಗಡಿಗಳ ಮುಂದೆ ಸುಮ್ಮನೆ ನಿಂತು ಬಂದದ್ದುಂಟು.

ನಮ್ಮವ್ವ ಆ ಅಂಗಳದ ಯಜಮಾನಿ ಇದ್ದಂತೆ. ಮೂವತ್ತು ವರ್ಷ ಚೀವರದ ನಡುಪಟ್ಟಿ ಅವಳ ಕೈಯಲ್ಲೇ ಆಗುತ್ತಿತ್ತು. ಆ ವರ್ಷ ಅವಳ ಕಣ್ಣು ಮಂಜಾಗಿತ್ತು. ಯಾರಿಗೂ ಹೇಳಿರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ನೋಡಿದರೆ ನಡುಪಟ್ಟಿ ತಲೆಕೆಳಗಾಗಿ ಕೂತಿದೆ, ಒಂದು ಬದುವೂ ಇನ್ನೊಂದಕ್ಕೆ ಸೇರುವುದಿಲ್ಲ. ಅಷ್ಟನ್ನೂ ಬಿಚ್ಚಬೇಕು. ಹೊತ್ತು ಓಡುತ್ತಿದೆ. ನನಗೆ ಎಲ್ಲಿತ್ತೋ ಸಿಟ್ಟು, ಅವಳ ಕೈಯಿಂದ ಬಟ್ಟೆ, ಸೂಜಿ ಎರಡನ್ನೂ ಕಿತ್ತುಕೊಂಡೆ. "ಬಿಡವ್ವಾ ನೀನು! ಕಣ್ಣು ಕಾಣದವರೆಲ್ಲ ಸೂಜಿ ಹಿಡಿದ್ರೆ ಚೀವರ ಆದಂಗೇ. ಇನ್ಮೇಲೆ ಮುಟ್ಟಬೇಡ" ಎಂದೆ. ಅಂಗಳದ ಸೂಜಿಗಳೆಲ್ಲ ನಿಂತವು. ಹಿಂದಿನಿಂದ ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ನಾನು ತಿರುಗಿ ನೋಡಲಿಲ್ಲ, ಬಿಚ್ಚುವ ಅವಸರದಲ್ಲಿದ್ದೆ. ಅವ್ವ ಮಡಿಲಿನ ನೂಲಿನ ಚೂರುಗಳನ್ನು ಕೊಡವಿ ಎದ್ದು ಮನೆಗೆ ಹೋದಳು.

ಅವಳು ಬೈದಿದ್ದರೆ ಆಗುತ್ತಿತ್ತು. ಸಿಟ್ಟು ಬಂದರೆ ಏಳು ಮನೆಗೆ ಕೇಳುವಂತೆ ಬೈಯುವವಳು ಅವಳು. ಅವತ್ತಿನಿಂದ ಒಂದು ಮಾತು ಬೈಯಲಿಲ್ಲ. ಹಾಕಿದ್ದು ಉಂಡಳು, ಕೇಳಿದ್ದಕ್ಕೆ ಹೂಂ ಎಂದಳು. ನಮ್ಮಲ್ಲಿ ಪ್ರತಿ ಹುಣ್ಣಿಮೆಗೆ ಹಿರಿಯರ ಮುಂದೆ ಮಂಡಿಯೂರಿ, ಮೈಯಿಂದ, ಮಾತಿನಿಂದ, ಮನಸ್ಸಿನಿಂದ ಏನು ತಪ್ಪು ಮಾಡಿದ್ದರೂ ಕ್ಷಮಿಸಿ ಎಂದು ಕೇಳುವ ರೂಢಿ. ಬರುವ ಹುಣ್ಣಿಮೆಗೆ ಕೇಳಿದರಾಯಿತು ಎಂದುಕೊಂಡೆ. ಹುಣ್ಣಿಮೆಗೆ ಇನ್ನೂ ಎರಡು ದಿನವಿದೆ ಎನ್ನುವಾಗ ಜ್ವರ ಬಂದು ಅವ್ವ ಹೋದಳು. ಆ ಚಳಿಗಾಲ ಊರಿಗೇ ಕೆಟ್ಟ ಜ್ವರ. ಹನ್ನೊಂದು ಜನ ಹೋದರು. ಎದುರುಮನೆ ವಿಶಾಖವ್ವನೂ ಹೋದಳು. ನಾನು ಆ ಕಡೆಗೆ ಒಂದು ಹನಿ ಕಣ್ಣೀರು ಹಾಕಲಿಲ್ಲ, ಎಲ್ಲವೂ ಅವ್ವನಿಗೇ ಖರ್ಚಾಗಿತ್ತು.

ಬೇರೆ ಊರಾಗಿದ್ದರೆ ನನ್ನ ಕತೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮೂರಾದ್ದರಿಂದ ನಾನು ಬಸುರಿಯರನ್ನು ಎಣಿಸುತ್ತ ಕೂತೆ. ಒಂದು ದಿನ ತಡೆಯಲಾರದೆ ರೇವತ ಬಂತೇಜಿಯ ಬಳಿ ಹೋದೆ. ಎಲುಬಿನ ಹಂದರದಂಥ ಮುದುಕ, ಕಸ ಗುಡಿಸುತ್ತಲೇ ಮಾತಾಡುವವರು. "ಹುಟ್ಟಿ ಬರೋಳು ನಮ್ಮವ್ವಾನೇ ಆಗಿರ್ತಾಳಾ ಬಂತೇಜಿ?" ಎಂದೆ.

"ನಿಮ್ಮನೇಲಿ ಮೊಸರಿಗೆ ಹೆಪ್ಪು ಎಲ್ಲಿಂದ ಹಾಕ್ತೀಯವ್ವಾ?" ಎಂದು ಅವರು ಕೇಳಿದರು.

"ನೆನ್ನೆ ಮೊಸರಿಂದು. ನಮ್ಮಜ್ಜಿ ಕಾಲದಿಂದಲೂ ಅದೇ ಹೆಪ್ಪು."

"ಹಂಗಾದ್ರೆ ಇವತ್ತು ಉಂಡಿದ್ದು ನಿಮ್ಮಜ್ಜಿ ಮೊಸರಾ?"

"ಅದೆಂಗಾಯ್ತದೆ? ಅಜ್ಜಿ ಮೊಸರು ಅವತ್ತೇ ಮುಗೀತು."

"ಮತ್ತೆ ಅಜ್ಜಿ ಮೊಸರು ಇಲ್ದೆ ಇದಾಯ್ತಾ?" ಎಂದು ಪೊರಕೆ ಗೋಡೆಗೆ ಒರಗಿಸಿ ಒಳಗೆ ಹೋದರು. ಯಾವುದೂ ನಿಲ್ಲುವುದಿಲ್ಲ, ಒಂದರಿಂದ ಇನ್ನೊಂದು ಆಗುತ್ತ ಹೋಗುತ್ತದೆ, ನಿಲ್ಲಬೇಕೆಂದು ಹಿಡಿದುಕೊಳ್ಳುವುದೇ ನಮ್ಮ ಸಂಕಟಕ್ಕೆ ಬೇರು ಎಂದು ಅವರು ಹುಣ್ಣಿಮೆ ಹುಣ್ಣಿಮೆಗೂ ಹೇಳುತ್ತಿದ್ದರು. ತಲೆ ಆಡಿಸಿ ಮನೆಗೆ ಬಂದೆ. ನನಗೆ ಬೇಕಾಗಿದ್ದದ್ದು ಧರ್ಮವಲ್ಲ, ನಮ್ಮವ್ವ.

ಆ ವರ್ಷ ಏಳು ಮಕ್ಕಳು ಹುಟ್ಟಿದವು. ಅದರಲ್ಲಿ ಗಾಣದ ಮನೆಯ ಮಲ್ಲಿಕೆಗೆ ಹುಟ್ಟಿದ್ದು ಒಂದು ಹೆಣ್ಣು, ಸುಮನೆ ಎಂದು ಹೆಸರಿಟ್ಟರು. ಒಂದೂವರೆ ವರ್ಷದ ಆ ಮಗು ಒಂದು ಬೆಳಿಗ್ಗೆ ಪುಟುಪುಟು ಹೆಜ್ಜೆಯಿಡುತ್ತ, ನಡುವಿನ ಒಂದು ಮನೆಯನ್ನೂ ನೋಡದೆ, ನೇರ ನಮ್ಮ ಜಗುಲಿಗೆ ಬಂದು ಕಾಲು ಇಳಿಬಿಟ್ಟು ಕೂತಿತು. ಕೈಯಲ್ಲಿ ಒಂದು ಹಿಡಿ ಅನ್ನ. ಭಿಕ್ಷುಗಳು ಬಂದಾಗ ಎದ್ದು ನಿಂತು ಪಾತ್ರೆಗೆ ಹಾಕಿತು. ನನ್ನ ಕಡೆ ತಿರುಗಿ, "ಪದುಮೀ" ಎಂದಿತು. ಊರಿನ ಮಕ್ಕಳಿಗೆಲ್ಲ ನಾನು ಪದುಮತ್ತೆ. ಪದುಮೀ ಎಂದು ಎಳೆದು ಕರೆಯುವವರು ಹಿಂದಿನ ತಲೆಯವರು ಮಾತ್ರ. ನಮ್ಮವ್ವ ಬಂದಳೆಂದು ಒಳಗೆ ಓಡಿ ಎಳ್ಳುಂಡೆ ತಂದು ಕೊಟ್ಟೆ.

ಅವತ್ತಿನಿಂದ ನಾಲ್ಕು ವರ್ಷ ನನ್ನ ಮನೆಯಲ್ಲಿ ಹಬ್ಬ. ಎಳ್ಳುಂಡೆ, ತುಪ್ಪ ಸುರಿದ ಹೋಳಿಗೆ, ನೆನೆಸಿದ ಕಡಲೆಬೇಳೆಗೆ ಬೆಲ್ಲ. ನಮ್ಮವ್ವನಿಗೆ ಏನೇನು ಇಷ್ಟವೋ ಎಲ್ಲ. ಮಲ್ಲಿಕೆ ಒಳ್ಳೆಯವಳು, ನಿಮ್ಮವ್ವ ನಮ್ಮನೆಗೆ ಬಂದದ್ದು ನಮ್ಮ ಪುಣ್ಯ ಎಂದು ನಗುತ್ತಿದ್ದಳು. ಮನೆಯಳಿಯನಾಗಿ ಬಂದಿದ್ದ ನನ್ನ ಗಂಡ ಗುಣಪಾಲನಿಗೆ ಮಾತ್ರ ಅನುಮಾನ. ಅವನು ಮಾತು ಕಡಿಮೆ, ಕಣ್ಣು ಜಾಸ್ತಿ. "ನಿಮ್ಮವ್ವ ಆಗಿದ್ರೆ ಒಳಗೆ ಬಂದು ಅಡುಗೆಮನೆ ಡಬ್ಬಿ ಎಲ್ಲ ತೆಗೆದು ನೋಡಬೇಕಿತ್ತಲ್ಲೇ. ಇದು ಹೊಸಿಲೇ ದಾಟಲ್ಲ" ಎಂದ.

"ಸಿಟ್ಟಿನ್ನೂ ಇಳಿದಿಲ್ಲ. ನಿಮಗೇನು ಗೊತ್ತು ನಮ್ಮವ್ವನ ಬಿಂಕ" ಎಂದೆ.

ಸಿಟ್ಟಿದೆ ಎಂದು ಗೊತ್ತಿದ್ದೂ ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಹೋಳಿಗೆ ತಿಂದು ಮುಗಿಸಲಿ ಆಮೇಲೆ ಎಂದು ಒಂದು ದಿನ, ನೆಗಡಿಯಾಗಿದೆ ಪಾಪ, ನಾಳೆ ಎಂದು ಇನ್ನೊಂದು ದಿನ. ನಿಜ ಹೇಳಬೇಕೆಂದರೆ ಹೆದರಿಕೆ. ಆ ಪುಟ್ಟ ಬಾಯಿ ಕ್ಷಮಿಸುವುದಿಲ್ಲ ಎಂದುಬಿಟ್ಟರೆ? ನಾನು ಹೊಲಿಯುವಾಗ ಅದು ಸೂಜಿಯನ್ನೇ ನೋಡುತ್ತಿತ್ತು. ನೋಡುತ್ತ ನೋಡುತ್ತ ಒಮ್ಮೊಮ್ಮೆ ಅದರ ಕಣ್ಣಲ್ಲಿ ನೀರು ತುಂಬುತ್ತಿತ್ತು. ಆಗೆಲ್ಲ ನಾನು ಎದ್ದು ಒಳಗೆ ಹೋಗಿ ಅಳುತ್ತಿದ್ದೆ. ಹೀಗೆ ಅಳುತ್ತ, ತಿನ್ನಿಸುತ್ತ ದಿನ ತಳ್ಳಿದೆ, ಮರೆವಿನ ಹುಣ್ಣಿಮೆ ಬಂದೇಬಿಟ್ಟಿತು.

ಆ ಬೆಳಿಗ್ಗೆ ವಿಹಾರದಲ್ಲಿ ಏಳು ಮಕ್ಕಳು ಎಣ್ಣೆನೀರು ಮಾಡಿಸಿಕೊಂಡು, ಬಿಳಿ ಬಟ್ಟೆಯುಟ್ಟು ಬೋಧಿ ಮರದ ಕೆಳಗೆ ಕೂತಿದ್ದವು. ಮೂರು ಸಲ ಗಂಟೆ ಹೊಡೆಯುತ್ತಾರೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಹಳೆಯ ಸಂಬಂಧದವರು ಮಕ್ಕಳ ಜೊತೆ ಒಂದು ಗಳಿಗೆ ಕೂರಬಹುದು. ಎರಡನೆಯ ಗಂಟೆ ಆದ ಕೂಡಲೇ ನಾನು ಸುಮನೆಯ ಕೈ ಹಿಡಿದು, ಬಣ್ಣದ ಹಂಡೆಗಳಿಡುವ ಚಪ್ಪರದ ಹಿಂದಕ್ಕೆ ಕರೆದುಕೊಂಡು ಹೋದೆ. ಅಲ್ಲಿದ್ದ ಒಂದು ಮರದ ದಿಮ್ಮಿಯ ಮೇಲೆ ಕೂರಿಸಿ, ಮಂಡಿಯೂರಿ, ಅದರ ಪಾದಕ್ಕೆ ಹಣೆ ಹಚ್ಚಿದೆ. "ಅವ್ವಾ, ಮೈಯಿಂದ, ಮಾತಿನಿಂದ, ಮನಸ್ಸಿನಿಂದ..." ಎಂದು ಶುರುಮಾಡಿದೆ.

ಮಗು ಥಟ್ಟನೆ ಕಾಲು ಹಿಂದಕ್ಕೆ ಎಳೆದುಕೊಂಡಿತು. "ನಾನು ಖೇಮಿ ಅಲ್ಲ ಕಣೇ ಪದುಮೀ" ಎಂದಿತು.

ನಾನು ತಲೆಯೆತ್ತಿ ನೋಡಿದೆ. ಐದು ವರ್ಷದ ಮುಖ ಸಣ್ಣಗಾಗಿತ್ತು. "ಎದುರುಮನೆಯವಳು. ನಾನು ವಿಶಾಖೆ."

ಮೊದಲು ನನಗೆ ಬಂದದ್ದು ದುಃಖವಲ್ಲ, ಉರಿ. ನಾಲ್ಕು ವರ್ಷದ ಹೋಳಿಗೆ, ತುಪ್ಪ, ನನ್ನ ಅಷ್ಟೂ ಕಣ್ಣೀರು ನಮ್ಮವ್ವನ ಹಗೆಯ ಪಾಲಾಗಿತ್ತು. "ಹೇಳಬಾರದಾಗಿತ್ತಾ? ಸುಮ್ನೆ ಕೂತು ತಿಂದೆಯಲ್ಲ!" ಎಂದೆ.

"ನೀನು ಕೊಟ್ಟೆ, ತಿಂದೆ. ಹೇಳಿದ್ರೆ ಜಗುಲಿ ಹತ್ತಿಸ್ತಿದ್ಯಾ?" ಎಂದಿತು ಮಗು. ಆಮೇಲೆ ತಲೆ ತಗ್ಗಿಸಿತು. "ನಾನು ತಿನ್ನೋಕೆ ಬರ್ತಿರಲಿಲ್ಲ. ಖೇಮಿಗೋಸ್ಕರ ಬರ್ತಿದ್ದೆ. ಯಾರ ಹೊಟ್ಟೇಲಿ ಹುಟ್ಟಿದ್ರೂ ತನ್ನ ಮನೆ ನೋಡೋಕೆ ಒಂದಲ್ಲ ಒಂದಿನ ಬಂದೇ ಬರ್ತಾಳೆ, ಅಲ್ಲೇ ಕೂತಿದ್ರೆ ಸಿಕ್ತಾಳೆ ಅಂದ್ಕೊಂಡಿದ್ದೆ. ಬರಲೇ ಇಲ್ಲ ಅವಳು."

"ಅವಳ ಹತ್ರ ನಿಂಗೇನು ಕೆಲಸ?"

"ಅವತ್ತು ನೀನು ಸೂಜಿ ಕಿತ್ಕೊಂಡೆಯಲ್ಲ, ಆಗ ನಕ್ಕಿದ್ದು ನಾನು." ಮಗು ಬಿಳಿ ಬಟ್ಟೆಯ ಅಂಚನ್ನು ಮುದುರತೊಡಗಿತು. "ಖೇಮಿ ನಿನ್ನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದ್ಲು. ನೋಡಿ ಎದ್ದು ಹೋದ್ಲು. ಹದಿನೆಂಟು ವರ್ಷ ಆದ್ಮೇಲೆ ಮೊದಲನೇ ಸಲ ನನ್ನ ಮುಖ ನೋಡಿದ್ದು ಅವಳು. ನಾನು ನಗ್ತಾ ಇದ್ದೆ."

ನನ್ನ ಉರಿಯೆಲ್ಲ ಎಲ್ಲಿ ಹೋಯಿತೋ. ಮಗು ಅಂಗಳದ ಕಡೆ, ಗಂಟೆಯ ಹಗ್ಗದ ಬಳಿ ಹೋಗುತ್ತಿದ್ದ ಭಿಕ್ಷುವಿನ ಕಡೆ ನೋಡಿ ಹೇಳಿತು, "ಇನ್ನೊಂದು ಗಳಿಗೆಗೆ ನಂಗೆ ಇದು ಗೊತ್ತಿರಲ್ಲ. ತಪ್ಪು ಮಾಡಿದ್ದು ಕೂಡ ಗೊತ್ತಿರಲ್ಲ. ಹೇಳದೇ ಮರ್ತುಬಿಡ್ತೀನಿ ಅಂತ ಹೆದರಿಕೆ ಆಗ್ತದೆ ಪದುಮೀ. ಖೇಮಿ ಜಾಗದಲ್ಲಿ ನೀನು ಕೂತ್ಕೋ. ನಾನು ಹೇಳ್ತೀನಿ."

ದಿಮ್ಮಿಯಿಂದ ಇಳಿದು ನನ್ನ ತೋಳು ಹಿಡಿದು ಎಳೆಯಿತು. ನಾನು ಕೂತೆ. ಸುಮನೆ ನನ್ನ ಮುಂದೆ ಮಂಡಿಯೂರಿ, ಎರಡು ಪುಟ್ಟ ಅಂಗೈ ಜೋಡಿಸಿ, ಮೈಯಿಂದ, ಮಾತಿನಿಂದ, ಮನಸ್ಸಿನಿಂದ ಎಂದು ತೊದಲುತ್ತ ಪೂರ್ತಿ ಹೇಳಿತು. ಜಗುಲಿ ಕಟ್ಟಿಸಿದ್ದು ತಪ್ಪು, ನಕ್ಕಿದ್ದು ತಪ್ಪು ಎಂದು ಸೇರಿಸಿತು. ಅವ್ವನ ಪರವಾಗಿ ಕ್ಷಮಿಸಿದೆ ಎನ್ನಲು ನಾನ್ಯಾರು? ಅವ್ವನ ಆ ಮಂಜುಗಣ್ಣು ನೆನಪಾಗಿ, ಇವಳನ್ನು ಹೇಗೆ ಬಿಡಲಿ ಎನಿಸಿತು. ಇವಳನ್ನು ಬಿಡದಿದ್ದರೆ ನನ್ನನ್ನು ಯಾರು ಬಿಟ್ಟಾರು ಎಂದೂ ಎನಿಸಿತು. ಕೈ ಜೋಡಿಸಿಕೊಂಡು ಮಗು ಕಾಯುತ್ತಲೇ ಇತ್ತು.

"ಬಿಡು ಅತ್ತೆ. ಆಗಿದ್ದು ಆಯ್ತು" ಎಂದೆ. ಹಾಗೆ ಕರೆದು ಎಷ್ಟು ವರ್ಷವಾಗಿತ್ತೋ.

ಆಮೇಲೆ ಅವಳು ದಿಮ್ಮಿ ಹತ್ತಿ ಕೂತಳು, ಅವ್ವನ ಜಾಗದಲ್ಲಿ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಾನು ಐದೂವರೆ ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದೆ. ಹೇಳುವಾಗ ಯಾರ ಮುಂದೆ ಹೇಳುತ್ತಿದ್ದೇನೆಂಬುದು ಮರೆತೇ ಹೋಯಿತು. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. "ಬಿಡು ಪದುಮೀ. ಖೇಮಿ ಇದ್ದಿದ್ರೆ ಚೆನ್ನಾಗಿ ಬೈದು, ಆಮೇಲೆ ಬಿಟ್ಟುಬಿಡ್ತಿದ್ಲು. ನಂಗೆ ಅವಳಷ್ಟು ಬೈಯೋಕೆ ಬರಲ್ಲ" ಎಂದಳು. ಮೂರನೆಯ ಗಂಟೆ ಹೊಡೆಯಿತು.

ಮಗುವನ್ನು ಸಾಲಿನಲ್ಲಿ ಕೂರಿಸಿ ಬಂದವಳು ಉಳಿದ ಆರು ಮುಖಗಳನ್ನು ಒಂದೊಂದಾಗಿ ನೋಡಿದೆ. ಮೂಗಿನಲ್ಲಿ ಬೆರಳಿಟ್ಟ ಕುಂಬಾರರ ಹುಡುಗ, ಅಳುಮೋರೆಯ ಅವಳಿಗಳು, ನಿದ್ದೆ ತೂಗುವ ದೋಣಿಯವರ ಹುಡುಗಿ. ನನ್ನ ಹೂವಿನ ಗಿಡ ಕಿತ್ತನೆಂದು ಇವರಲ್ಲಿ ಒಬ್ಬನನ್ನು ಜಗುಲಿ ಹತ್ತಲು ಬಿಡದೆ ಓಡಿಸಿದ್ದೆ. ಅವನೇ ನಮ್ಮವ್ವನಾಗಿದ್ದರೆ? ಪಕ್ಕದಲ್ಲಿ ರೇವತ ಬಂತೇಜಿ ನೀರಿನ ಮಡಕೆಯ ಬಟ್ಟೆ ಬಿಚ್ಚುತ್ತಿದ್ದರು. "ಇವರಲ್ಲಿ ನಮ್ಮವ್ವ ಇದ್ದಾಳಾ ಬಂತೇಜಿ? ಈಗ್ಲಾದ್ರೂ ಹೇಳಿ" ಎಂದು ಬೇಡಿದೆ.

"ಗೊತ್ತಾದ್ರೆ ಏನ್ ಮಾಡ್ತೀಯವ್ವಾ?"

"ಕಾಲಿಗೆ ಬೀಳ್ತೀನಿ. ಕೂರಿಸಿ ಊಟಕ್ಕೆ ಹಾಕ್ತೀನಿ."

"ಗೊತ್ತಿಲ್ದೆ ಇಷ್ಟು ವರ್ಷ ಒಬ್ಬಳಿಗೆ ಅದನ್ನೇ ಮಾಡಿದೆ. ಅವಳ ಹೊಟ್ಟೆಯೇನು ತುಂಬದೇ ಹೋಯ್ತಾ? ಇನ್ನು ಆರು ಜನ ಇದಾರೆ ನೋಡು" ಎಂದರು. ಬಿಚ್ಚಿದ ಬಟ್ಟೆ ಮಡಿಸುತ್ತ, "ಎಷ್ಟೆಷ್ಟು ಜನ್ಮ ಆಗಿ ಹೋಗಿದಾವೋ. ಒಂದಲ್ಲ ಒಂದರಲ್ಲಿ ನಿಂಗೆ ತಾಯಿ ಆಗದೇ ಇದ್ದೋರು ಈ ಅಂಗಳದಲ್ಲಿ ಯಾರೂ ಇಲ್ಲ ಕಣವ್ವಾ. ನಾನೂ ಸೇರಿ" ಎಂದು ಮಡಕೆ ಎತ್ತಿಕೊಂಡು ಹೋದರು.

ಮಕ್ಕಳು ಬುದ್ಧನಿಗೆ, ಧಮ್ಮಕ್ಕೆ, ಸಂಘಕ್ಕೆ ಶರಣು ಎಂದು ಮೂರು ಸಲ ಹೇಳಿದವು. ಜೀವ ತೆಗೆಯುವುದಿಲ್ಲ, ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ಒಂದೊಂದಾಗಿ ಐದು ಶೀಲಗಳನ್ನೂ ಹೇಳಿದವು. ಹೆಂಡ ಕುಡಿಯುವುದಿಲ್ಲ ಎನ್ನುವಲ್ಲಿ ಕುಂಬಾರರ ಹುಡುಗ ನಿಟ್ಟುಸಿರು ಬಿಟ್ಟ, ಅವನು ಯಾರಾಗಿದ್ದನೆಂಬುದು ಆಗ ಎಲ್ಲರಿಗೂ ಗೊತ್ತಾಗಿ ಅಂಗಳವೆಲ್ಲ ನಕ್ಕಿತು. ಮಡಕೆಯ ನೀರು ಸಾಲಿನಲ್ಲಿ ಬಂತು. ಸುಮನೆ ಬಟ್ಟಲು ಬಾಯಿಗಿಡುವ ಮೊದಲು ಜನರ ನಡುವೆ ನನ್ನನ್ನು ಹುಡುಕಿದಳು. ನಾನು ಕೈಯೆತ್ತಿ ತೋರಿಸಿದೆ. ಕುಡಿದಳು. ಬಟ್ಟಲು ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಮರದ ಮೇಲಿದ್ದ ಅಳಿಲನ್ನು ನೋಡತೊಡಗಿದಳು. ಅಷ್ಟೇ. ನನ್ನ ಅತ್ತೆ ಹೋದಳು. ಐದು ವರ್ಷದ ಹಿಂದೆ ಅವಳಿಗಾಗಿ ಹಾಕದಿದ್ದ ಕಣ್ಣೀರು ಆಗ ಬಂತು.

ಮನೆಗೆ ಹೊರಟಾಗ ಬಿಸಿಲೇರಿತ್ತು. ಮಲ್ಲಿಕೆಯ ಕಂಕುಳಲ್ಲಿ ಸಣ್ಣ ಕೂಸಿತ್ತು. ಸುಮನೆ ನನ್ನ ಸೆರಗು ಜಗ್ಗಿ, "ಪದುಮತ್ತೆ, ಕಾಲು ಸುಡ್ತದೆ, ಎತ್ಕೋ" ಎಂದಳು. ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಎತ್ತಿಕೊಂಡೆ. ಸ್ವಲ್ಪ ದೂರ ಹೋದ ಮೇಲೆ ನನ್ನ ಕೆನ್ನೆ ಮುಟ್ಟಿ ನೋಡಿದಳು.

"ಯಾಕತ್ತೆ ಅಳ್ತಾ ಇದ್ದೀಯ? ಯಾರು ಬೈದ್ರು?"

"ಯಾರೂ ಬೈಲಿಲ್ಲ ಮಗಾ. ಅದಕ್ಕೇ ಅಳ್ತಾ ಇದೀನಿ" ಎಂದೆ.

ಅವಳಿಗೆ ಇದು ವಿಚಿತ್ರವಾಗಿ ಕಂಡಿರಬೇಕು. ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಹಂಗಾದ್ರೆ ನಾನೇ ಬೈಲಾ?" ಎಂದಳು.

"ಬೈಯಿ."

"ಕತ್ತೆ" ಎಂದಳು. ನಾನು ಹೂಂ ಎಂದೆ. "ಕೋತಿ. ಸೋರೆಬುರುಡೆ. ಹಾಳಾದವಳೇ, ನಿನ್ನ ಕೈ ಸೇದಿಹೋಗ. ಮೂರು ಹೊತ್ತೂ ಅವಸರ ನಿಂಗೆ" ಎಂದು ತಾಯಿ, ಅಜ್ಜಿ, ಬೀದಿಯ ಹೆಂಗಸರು ಎಲ್ಲರಿಂದ ಕಲಿತದ್ದನ್ನೆಲ್ಲ ಒಂದೊಂದಾಗಿ ತೆಗೆದಳು. ಹಿಂದೆ ಬರುತ್ತಿದ್ದ ಮಲ್ಲಿಕೆ ನಾಚಿ, "ಏಯ್, ಬಾಯಿ ಮುಚ್ಚೇ, ದೊಡ್ಡೋರಿಗೆ ಹಂಗೆಲ್ಲ ಅಂತಾರಾ?" ಎಂದು ಗದರಿದಳು.

"ಬೇಡ, ಬಿಡು ಮಲ್ಲಿಕೆ. ಅವಳನ್ನ ತಡೀಬೇಡ" ಎಂದೆ. ಗಾಣದ ಮನೆ ಬರುವವರೆಗೂ ಬೈಸಿಕೊಂಡೇ ಹೋದೆ.